ಉಪಚಾರದ ಬೇಡ

ಸಿಡ್ನಿಯಲ್ಲಿ ರೋಗಿಗಳನ್ನು ಸಾಗಿಸುವ ಕೆಲಸಕ್ಕೆ ನಮ್ಮ ಕಂಪನಿ ಕೇಳಿದ್ದು ಒಂದು ಡ್ರೈವಿಂಗ್ ಲೈಸೆನ್ಸು, ಒಂದು ಫಸ್ಟ್ ಏಡ್ ಸರ್ಟಿಫಿಕೇಟು, ಜೊತೆಗೆ ಗಟ್ಟಿ ಬೆನ್ನು. ಮೆಲ್ಬರ್ನ್‌ಗೆ ಬಂದಾಗ ಅದೇ ಕೆಲಸಕ್ಕೆ ಇದ್ಯಾವುದೂ ಸಾಲಲಿಲ್ಲ. ಮೆಲ್ಬರ್ನ್ ಇರುವ ವಿಕ್ಟೋರಿಯ ರಾಜ್ಯದವರು ಆಗಷ್ಟೇ ಹೊಸ ಕಾನೂನು ತಂದಿದ್ದರು. ತುರ್ತಿಲ್ಲದ ರೋಗಿಗಳನ್ನು ಸಾಗಿಸುವ ಕಂಪನಿಗೂ ಲೈಸೆನ್ಸು ಬೇಕು, ವ್ಯಾನಿನಲ್ಲಿ ರೋಗಿಯ ಪಕ್ಕ ಕೂರುವ ನಮಗೂ ರಾಜ್ಯ ಒಪ್ಪಿದ ಕೋರ್ಸು ಮುಗಿಸಿದ ಅರ್ಹತೆ ಬೇಕು. ದೇಶ ಒಂದೇ, ಸ್ಟ್ರೆಚರ್ ಅದೇ, ಡಯಾಲಿಸಿಸ್‌ಗೆ ಹೋಗಿಬರುವ ರೋಗಿಗಳೂ ಅಂಥವರೇ. ಆದರೆ ಗಡಿ ದಾಟಿದ ಕೂಡಲೇ ನಾನು ಏನೂ ಕಲಿಯದವನ ಲೆಕ್ಕಕ್ಕೆ ಬಂದೆ. ಆಗ ವಿಪರೀತ ಸಿಟ್ಟು ಬಂದಿತ್ತು. ಆದರೆ ಆ ಕಾನೂನು ಇಲ್ಲದಿದ್ದರೆ ಸಿಡ್ನಿಯಲ್ಲಿ ಒಬ್ಬ ಅಜ್ಜಿಗೆ ನಾನು ಮಾಡಿದ್ದನ್ನು ಯಾರ ಮುಂದೆಯೂ ಬಾಯಿಬಿಡುತ್ತಿರಲಿಲ್ಲ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಅಜ್ಜಿ ಧಾರವಾಡದವರು, ಸಿಡ್ನಿಯ ಪಶ್ಚಿಮದ ಒಂದು ಸಬರ್ಬ್‌ನಲ್ಲಿ ಮಗಳ ಮನೆಯಲ್ಲಿದ್ದರು. ಶ್ವಾಸಕೋಶದ ಸೋಂಕು ವಾಸಿಯಾಗಿ ಆಸ್ಪತ್ರೆಯಿಂದ ಮನೆಗೆ ಬಿಟ್ಟುಬರುವ ಕೆಲಸ ನಮಗೆ ಬಿದ್ದಿತ್ತು. ನನ್ನ ಜೊತೆಗೆ ಕೆಲಸ ಮಾಡುತ್ತಿದ್ದವಳು ಆಸ್ಟ್ರೇಲಿಯದವಳೇ ಆದ ಹೆಣ್ಣುಮಗಳು, ಒಳ್ಳೆಯ ಕೆಲಸಗಾರ್ತಿ. ನಾನು ಕನ್ನಡ ಮಾತಾಡಿದ್ದೇ ತಡ, ಅಜ್ಜಿಯ ಮುಖ ಅರಳಿತು.

“ನಮ್ಮವ ಬಂದಾನ ನೋಡು! ಯಾವೂರಪಾ ನಿಂದು?”

“ತಿಪಟೂರು ಕಡೆ, ಅಜ್ಜಿ.”

“ಅದಕ್ಕ ನಿನ್ನ ಕನ್ನಡಾ ಇಷ್ಟ ಸಪ್ಪಗ ಅದ. ಉಪ್ಪಿಲ್ಲದ ಸಾರಿನಂಗ.”

ದಾರಿಯುದ್ದಕ್ಕೂ ನಗಿಸಿದರು. ಮನೆಯೊಳಗೆ ಗಾಲಿಕುರ್ಚಿಯಿಂದ ಅವರ ಮಾಮೂಲಿ ಕುರ್ಚಿಗೆ ಕೂರಿಸುವುದಷ್ಟೇ ಬಾಕಿ. ಅದಕ್ಕೆ ಸೊಂಟಕ್ಕೆ ಕಟ್ಟುವ ಅಗಲದ ಬೆಲ್ಟು ಇರುತ್ತದೆ. ಅದರ ಹಿಡಿಕೆ ಹಿಡಿದರೆ ರೋಗಿಯ ಕೈ, ಭುಜಗಳ ಮೇಲೆ ಭಾರ ಬೀಳುವುದಿಲ್ಲ. ಬೆಲ್ಟು ವ್ಯಾನಿನಲ್ಲಿತ್ತು. ತರುತ್ತೇನೆ ಎಂದು ಜೊತೆಗಾತಿ ತಿರುಗಿದಳು. ಅಜ್ಜಿ ಹೂವಿನಷ್ಟು ಹಗುರ, ಯಾಕೆ ಸುಮ್ಮನೆ ಎಂದು ನಾನೇ ತಡೆದೆ. ಅಜ್ಜಿಯ ಎರಡೂ ಕಂಕುಳಿಗೆ ಕೈ ಹಾಕಿದೆ.

“ಬ್ಯಾಡೋ ತಮ್ಮಾ, ಬ್ಯಾಡ. ನಂದು…”

“ಸಂಕೋಚ ಮಾಡ್ಕೋಬೇಡಿ ಅಜ್ಜಿ. ನಾನು ನಿಮ್ಮ ಮಗ ಇದ್ದ ಹಾಗೆ,” ಎಂದು ನಕ್ಕೆ.

ಅವರು ಏನು ಹೇಳುತ್ತಿದ್ದಾರೆ ಎಂದು ಜೊತೆಗಾತಿ ಇಂಗ್ಲಿಷಿನಲ್ಲಿ ಕೇಳಿದಳು. “ಮರ್ಯಾದೆಗೆ ಹಾಗಂತಾರೆ. ಎತ್ತಿ ಅಂತ ಅರ್ಥ,” ಎಂದೆ. ಎತ್ತಿದೆ. ನನ್ನ ಎಡ ಅಂಗೈಗೆ ಅವರ ಭುಜದ ಕೀಲು ಸರಿದದ್ದು ಗೊತ್ತಾಯಿತು. ಅಜ್ಜಿ ಕಿರುಚಲಿಲ್ಲ. ಬಾಯಿ ತೆರೆದರು, ದನಿ ಬರಲಿಲ್ಲ.

ಅವರು ಹಿಂದೊಮ್ಮೆ ಬಿದ್ದಾಗ ಆ ಭುಜ ಸಡಿಲಾಗಿತ್ತು, ಹೇಳಹೊರಟಿದ್ದು ಅದನ್ನೇ. ತುರ್ತು ಆಂಬುಲೆನ್ಸ್ ಕರೆಸಿದೆವು. ಆಸ್ಪತ್ರೆಯಲ್ಲಿ ಕೀಲು ಕೂರಿಸಿದರು. ಅದೇ ಮಧ್ಯಾಹ್ನ ನಮ್ಮ ಮೇಲ್ವಿಚಾರಕ ಫೋನ್ ಮಾಡಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ರೋಗಿ ನಿರಾಕರಿಸಿದರಾ? ರೋಗಿ ನಿರಾಕರಿಸಿದ ಮೇಲೆ ಕೈ ಹಾಕಿದ್ದರೆ ಕೆಲಸ ಉಳಿಯುತ್ತಿರಲಿಲ್ಲ. “ಇಲ್ಲ,” ಎಂದೆ. ಎತ್ತುವಾಗ ಅವರೇ ತಟ್ಟನೆ ತಿರುಗಿಕೊಂಡರು ಎಂದೆ. ಪಕ್ಕದಲ್ಲಿ ನಿಂತಿದ್ದ ಜೊತೆಗಾತಿಯೂ ಅದನ್ನೇ ನಂಬಿದಳು. ಎತ್ತಿದಾಗ ಆ ಕೋಣೆಯಲ್ಲಿ ಅಜ್ಜಿಯನ್ನು ಬಿಟ್ಟರೆ ಕನ್ನಡ ಗೊತ್ತಿದ್ದವನು ನಾನೊಬ್ಬನೇ. ಮಗಳು ಆಗ ಔಷಧಿ ಅಂಗಡಿಗೆ ಹೋಗಿದ್ದರು. ಅಜ್ಜಿ ಯಾರಿಗೂ ಏನೂ ಹೇಳಲಿಲ್ಲ.

ಎತ್ತುವ ಗಳಿಗೆಯಲ್ಲಿ ನಾನು ಬೇಕೆಂದು ಕೆಟ್ಟದ್ದು ಮಾಡಲಿಲ್ಲ. ಅದನ್ನು ಇವತ್ತಿಗೂ ಹೇಳಬಲ್ಲೆ. ನಮ್ಮ ಕಡೆ ಪಂಕ್ತಿಯಲ್ಲಿ ಕೂತವರು ಎಲೆಗೆ ಅಂಗೈ ಅಡ್ಡ ಹಿಡಿದು ಬೇಡ ಬೇಡ ಎನ್ನುತ್ತಾರೆ, ಬಡಿಸುವವನು ಬೆರಳ ಸಂದಿಯಲ್ಲೇ ಒಂದು ಸೌಟು ಪಾಯಸ ಬಿಟ್ಟು ಮುಂದೆ ಹೋಗುತ್ತಾನೆ. ಬೇಡ ಅಂದರೂ ಬಡಿಸದೆ ಹೋದವನೇ ಕೆಟ್ಟವನು. ಹಾಗೆ ಬಲವಂತ ಮಾಡುವುದಕ್ಕೆ ಉಪಚಾರ ಎನ್ನುತ್ತೇವೆ. ರೋಗಿಯನ್ನು ನೋಡಿಕೊಳ್ಳುವುದಕ್ಕೂ ಉಪಚಾರ ಎಂದೇ ಹೆಸರು. ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ. ಫೋನಿನಲ್ಲಿ ಹೇಳಿದ “ಇಲ್ಲ” ಮಾತ್ರ ತಿಳಿದೂ ತಿಳಿದೂ ಹೇಳಿದ ಸುಳ್ಳು.

ನನ್ನ ಹೆಂಡತಿ ನರ್ಸು. ಅವಳಿಗೆ ಕ್ಲೇಟನ್‌ನಲ್ಲಿ ಕೆಲಸ ಸಿಕ್ಕಿದ್ದರಿಂದ ಮೆಲ್ಬರ್ನ್‌ಗೆ ಬಂದೆವು. ಅಲ್ಲಿ ಒಂದು ರೋಗಿ ಸಾಗಣೆ ಕಂಪನಿ ನನ್ನನ್ನು ತೆಗೆದುಕೊಂಡಿತು, ಕೋರ್ಸು ಪಾಸಾದರೆ ಮಾತ್ರ ವ್ಯಾನು ಹತ್ತಿಸುತ್ತೇವೆ ಎಂಬ ಷರತ್ತಿನ ಮೇಲೆ. ಎಸ್ಸೆಸ್ಸೆಲ್ಸಿ ಆದಮೇಲೆ ನಾನು ಬೆಂಚಿನ ಮೇಲೆ ಕೂತದ್ದು ಅದೇ ಮೊದಲು, ತಲೆ ಆಗಲೇ ನರೆತಿತ್ತು. ಪಾಠ ಹೇಳುತ್ತಿದ್ದ ಬೋಧಕಿ ಬಹಳ ಕಾಲ ಆಂಬುಲೆನ್ಸಿನಲ್ಲಿ ದುಡಿದ ಹೆಂಗಸು. ಕೂದಲು ಗಿಡ್ಡ, ಮಾತೂ ಗಿಡ್ಡ. ನಾಡಿ ಹಿಡಿಯುವುದು, ರಕ್ತದೊತ್ತಡ ನೋಡುವುದು, ಉಸಿರು ಎಣಿಸುವುದು, ಸಿಲಿಂಡರಿನಲ್ಲಿರುವ ಆಮ್ಲಜನಕ ಎಷ್ಟು ದೂರಕ್ಕೆ ಸಾಲುತ್ತದೆಂದು ಲೆಕ್ಕ ಹಾಕುವುದು, ಎಲ್ಲವನ್ನೂ ಕಲಿಸಿದರು. ಅವರು ಮತ್ತೆ ಮತ್ತೆ ಹೇಳುತ್ತಿದ್ದದ್ದು ಒಂದು: ಯಾರನ್ನು ಒಯ್ಯಬೇಕು ಅನ್ನುವುದಕ್ಕಿಂತ ಯಾರನ್ನು ಒಯ್ಯಬಾರದು ಅನ್ನುವುದು ನಿಮಗೆ ಗೊತ್ತಿರಬೇಕು. ನಮ್ಮ ವ್ಯಾನಿನಲ್ಲಿ ಹೋಗಬಹುದಾದವರು ಸ್ಥಿರವಾಗಿರುವ ರೋಗಿಗಳು ಮಾತ್ರ. ಸ್ಥಿತಿ ಬದಲಾಯಿತೆಂದರೆ ನಿಲ್ಲಿಸಿ ಮೇಲಿನವರನ್ನು ಕರೆಯಬೇಕು.

ಕಂಕುಳಿಗೆ ಕೈ ಹಾಕಿ ಎತ್ತುವುದನ್ನು ಅವರು ಮೊದಲ ವಾರವೇ ನಿಷೇಧಿಸಿದರು. ಭುಜದ ಕೀಲಿನ ಒಂದು ಪ್ಲಾಸ್ಟಿಕ್ ಮಾದರಿ ತೋರಿಸಿ, ಅದು ಹೇಗೆ ಸರಿಯುತ್ತದೆಂದು ಎಳೆದು ತೋರಿಸಿದರು. ನಾನು ಕಿಟಕಿಯ ಕಡೆ ನೋಡಿದೆ.

ತರಗತಿಯಲ್ಲಿ ಬೆಳಗಾವಿಯವನೊಬ್ಬನಿದ್ದ. ಓದಲು ಬಂದು, ಟ್ಯಾಕ್ಸಿ ಓಡಿಸಿ, ಇಲ್ಲೇ ಖಾಯಂ ಆಗಿ ನೆಲೆಸಲು ಪಿಆರ್ ಪಡೆದು, ಮದುವೆಯಾಗಿ ಮಗುವಿನ ತಂದೆಯಾಗಿದ್ದವನು. ಇಬ್ಬರೂ ಜೋಡಿಯಾಗಿ ಅಭ್ಯಾಸ ಮಾಡುತ್ತಿದ್ದೆವು. ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾಡುವ ಪ್ರತಿಯೊಂದನ್ನೂ ಬಾಯಲ್ಲಿ ಹೇಳುತ್ತಾ ಮಾಡಬೇಕು. ಬ್ರೇಕ್ ಹಾಕಿದೆ, ಬೆಲ್ಟು ಕಟ್ಟುತ್ತಿದ್ದೇನೆ, ಈಗ ನಿಮ್ಮನ್ನು ಮುಟ್ಟಬಹುದಾ, ಹೀಗೆ. ನನಗೆ ಅದು ಬರುತ್ತಲೇ ಇರಲಿಲ್ಲ. ಕೈ ಓಡುತ್ತಿತ್ತು, ನಾಲಗೆ ಮಲಗಿರುತ್ತಿತ್ತು.

“ಅಂಕಲ್, ಕೆಲಸಾ ಎಲ್ಲಾ ಛಲೋ ಮಾಡ್ತೀರಿ,” ಎಂದ ಬೆಳಗಾವಿಯವನು. “ಆದ್ರ ನಿಮ್ಮ ಬಾಯಿ ಬ್ಯಾಂಕ್ ಲಾಕರ್ ಆಗೇತಿ. ಕೀಲಿ ಕಳಕೊಂಡೀರೇನ್ರೀ?”

“ಮಾಡೋದು ಕಣ್ಣಿಗೆ ಕಾಣ್ತಿರೋವಾಗ ಹೇಳೋದೇನಿದೆಯಪ್ಪ?”

“ಕಣ್ಣ ಕಾಣಲಾರದ ಅಜ್ಜಿ ಇದ್ರ?”

ಅವತ್ತಿನಿಂದ ಕ್ಲೇಟನ್ ಬಸ್ಸಿನಲ್ಲಿ ಕೂತು ಒಬ್ಬನೇ ಗೊಣಗಿಕೊಂಡು ಅಭ್ಯಾಸ ಮಾಡಿದೆ. ಪಕ್ಕದ ವಿದ್ಯಾರ್ಥಿಗಳು ಎದ್ದು ಬೇರೆ ಸೀಟಿಗೆ ಹೋದದ್ದೂ ಉಂಟು.

ಪರೀಕ್ಷೆಯ ದಿನ ಇನ್ನೊಬ್ಬ ಶಿಕ್ಷಕಿ ಮುದುಕಿಯ ಪಾತ್ರ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಕುರ್ಚಿಯಿಂದ ಸ್ಟ್ರೆಚರ್‌ಗೆ ಸಾಗಿಸಬೇಕು. ಸ್ಟ್ರೆಚರ್ ಎತ್ತರ ಸರಿಮಾಡಿದೆ, ಬ್ರೇಕ್ ಹಾಕಿದೆ, ಎಲ್ಲವನ್ನೂ ಬಾಯಿಬಿಟ್ಟು ಹೇಳಿದೆ. ಬೆಲ್ಟು ಕಟ್ಟಿ ಹಿಡಿಕೆ ಹಿಡಿದಾಗ ಅವರು, “ನೋ ನೋ, ಐ ಆಮ್ ರೈಟ್, ಲವ್,” ಎಂದರು. ನನಗೇನೂ ಬೇಡ, ಹೀಗೇ ಸರಿಯಿದ್ದೇನೆ ಎಂದರ್ಥ. ಇಲ್ಲಿಯ ಮುದುಕರೂ ಹಾಗೆಯೇ, ಚಹಾ ಕೊಟ್ಟರೂ ಇದೇ ಮಾತು. ನಾನು ನಕ್ಕು ಎತ್ತಿದೆ.

“ಅಲ್ಲಿಗೆ ನಿಲ್ಲಿಸು,” ಎಂದರು ಬೋಧಕಿ. “ಅವರು ಏನಂದರು?”

“ಬೇಡ ಅಂದರು. ಸುಮ್ಮನೆ, ಮರ್ಯಾದೆಗೆ.”

“ಮರ್ಯಾದೆಗೆ ಅಂತ ನಿನಗೆ ಹೇಗೆ ಗೊತ್ತು?”

ನಾನಿನ್ನೂ ಬೆಲ್ಟಿನ ಹಿಡಿಕೆ ಬಿಟ್ಟಿರಲಿಲ್ಲ.

“ಮರ್ಯಾದೆಗೂ ಇರಬಹುದು, ನೋವಿಗೂ ಇರಬಹುದು. ಹೊರಗೆ ನಿಂತವನಿಗೆ ಎರಡೂ ಒಂದೇ ಥರ ಕೇಳುತ್ತೆ, ಮೇಟ್. ಮೊದಲು ಕೈ ತೆಗಿ. ಆಮೇಲೆ ಏನು ಬೇಡ ಅಂತ ಕೇಳು.”

ಫೇಲ್ ಮಾಡಿದರು. ಇನ್ನೊಂದು ಅವಕಾಶ ಮಾತ್ರ ಇತ್ತು. ಊಟದ ಹೊತ್ತಿಗೆ ಬೆಳಗಾವಿಯವನ ಮುಂದೆ ಗೊಣಗಿದೆ: “ಅಲ್ಲಪ್ಪ, ನಿಮ್ಮನೇಲಿ ಹೋಳಿಗೆ ಬೇಡ ಅಂದ್ರೆ ಬಿಡ್ತಾರಾ?”

“ಬಿಡಂಗಿಲ್ರೀ. ಆದ್ರ ಹೋಳಿಗಿ ತಿಂದು ಯಾರ್ದೂ ಕೈ ಮುರದಿಲ್ಲ ಅಂಕಲ್,” ಎಂದು ಅವನು ತಮಾಷೆಗೆ ನಕ್ಕ. ಅವನಿಗೆ ಏನೂ ಗೊತ್ತಿರಲಿಲ್ಲ. ನಾನು ಊಟದ ಡಬ್ಬಿ ಮುಚ್ಚಿ ಎದ್ದೆ.

ಎರಡನೇ ಸಲ ಮೊದಲು ಬಾಯಿಮಾತಿನ ಪರೀಕ್ಷೆ ಇತ್ತು. ಕೆಲಸದಲ್ಲಿ ರೋಗಿಯೊಬ್ಬರು ಬೇಡ ಅಂದ ಒಂದು ಸಂದರ್ಭ ಹೇಳು, ನೀನೇನು ಮಾಡಿದೆ ಎಂದು ಕೇಳುತ್ತಾರೆಂಬುದು ಎಲ್ಲರಿಗೂ ಗೊತ್ತಿತ್ತು. ಬೆಳಗಾವಿಯವನು ನನಗಾಗಿ ಒಂದು ಚಂದದ ಕಥೆ ಕಟ್ಟಿಕೊಟ್ಟಿದ್ದ: ಸೀಟ್ ಬೆಲ್ಟ್ ಬೇಡ ಅಂದ ಒಬ್ಬ ತಾತ, ತಾಳ್ಮೆಯಿಂದ ವಿವರಿಸಿದ ನಾನು, ಕೊನೆಗೆ ಒಪ್ಪಿದ ತಾತ. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದೆ. ಬೋಧಕಿ ಕೇಳಿದರು. ನಾನು ತಾತನನ್ನು ವ್ಯಾನಿಗೆ ಹತ್ತಿಸುವವರೆಗೆ ಹೇಳಿದೆ. ಅಲ್ಲಿಗೆ ನಿಂತೆ.

“ಇದು ನಡೆದದ್ದಲ್ಲ,” ಎಂದೆ. “ನಡೆದದ್ದು ಬೇರೆ.”

ಅಜ್ಜಿಯ ಭುಜದ ವಿಷಯ ಪೂರ್ತಿ ಹೇಳಿದೆ. ಬೋಧಕಿ ಪೆನ್ನು ಕೆಳಗಿಟ್ಟರು.

“ಮೇಲ್ವಿಚಾರಕರು ಕೇಳಿದಾಗ?”

“ನಿರಾಕರಿಸಲಿಲ್ಲ ಅಂದೆ.”

“ಸುಳ್ಳು.”

“ಹೌದು.”

ಅವರು ಕಿಟಕಿ ತೆರೆದು ಬಂದು ಕೂತರು. “ಇದನ್ನು ನನ್ನಲ್ಲೇ ಇಟ್ಟುಕೊಳ್ಳಲು ನನಗೆ ಅಧಿಕಾರವಿಲ್ಲ. ನಿನ್ನ ಕಂಪನಿಗೆ ಹೇಳಬೇಕು. ನಿನ್ನನ್ನು ರೋಗಿಯ ಪಕ್ಕ ಕೂರಿಸಬಹುದಾ ಅನ್ನೋದು ಅವರು ಉತ್ತರಿಸಬೇಕಾದ ಪ್ರಶ್ನೆ. ಅಲ್ಲಿಯವರೆಗೆ ಪರೀಕ್ಷೆ ಇಲ್ಲ.” ಆಮೇಲೆ, “ಕಥೆ ಚೆನ್ನಾಗಿತ್ತು, ಪಾಸಾಗ್ತಿದ್ದೆ,” ಎಂದರು. ಅದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅಜ್ಜಿ ತಾವಾಗಿಯೇ ತಿರುಗಿಕೊಂಡರೆಂದು ಅವಳಿಗೂ ನಾನು ಹೇಳಿದ್ದೆ. “ನರ್ಸ್ ನಾನು. ನನಗೂ ಸುಳ್ಳು ಹೇಳಿದ್ರಾ?” ಎಂದಳಷ್ಟೇ. ಹಲವು ದಿನ ಬಡಿಸಿಟ್ಟು ಹೋಗುತ್ತಿದ್ದಳು, ಎದುರು ಕೂರುತ್ತಿರಲಿಲ್ಲ.

ಕಂಪನಿಯ ಮ್ಯಾನೇಜರ್ ಡಾಕ್‌ಲ್ಯಾಂಡ್ಸ್‌ನ ಆಫೀಸಿಗೆ ಕರೆಸಿದರು. ಲೈಸೆನ್ಸು ಪಡೆದ ಕಂಪನಿಗೆ ಕೆಲಸಗಾರರ ನಡತೆಯ ಹೊಣೆಯೂ ಇದೆ ಎಂದರು. ಸಿಡ್ನಿಯವರ ದಾಖಲೆ ಸರಿಯಾಗಬೇಕು, ಅಲ್ಲಿಂದ ಉತ್ತರ ಬರಬೇಕು, ಆಮೇಲೆ ನೋಡೋಣ. ಇದನ್ನು ಫೋನಿನಲ್ಲೇ ಮುಗಿಸಬಹುದಿತ್ತು. ಸುಳ್ಳು ಹೇಳಿದ್ದೂ ಫೋನಿನಲ್ಲೇ ಆದ್ದರಿಂದ ನಾನು ಸಿಡ್ನಿಗೆ ಹೋದೆ.

ಹಳೆಯ ಮೇಲ್ವಿಚಾರಕ ನನ್ನನ್ನು ನೋಡಿ ಖುಷಿಪಟ್ಟ. ವಿಷಯ ಕೇಳಿ ಮುಖ ಸಣ್ಣದು ಮಾಡಿದ. “ಮುಗಿದ ಕಥೆ, ಮೇಟ್. ಯಾರೂ ದೂರು ಕೊಟ್ಟಿಲ್ಲ. ಯಾಕೆ ಕೆದಕ್ತೀಯ? ವಾಪಸ್ ಬಂದುಬಿಡು. ಇಲ್ಲಿ ನಿನಗೆ ಕೋರ್ಸೂ ಬೇಡ, ಪರೀಕ್ಷೆಯೂ ಬೇಡ. ನಾಳೆಯೇ ವ್ಯಾನು ಕೊಡ್ತೀನಿ.”

ಆಸೆಯಾಗಲಿಲ್ಲ ಎಂದರೆ ಇನ್ನೊಂದು ಸುಳ್ಳಾದೀತು. ಅವನ ಮೇಜಿನ ಹಿಂದೆ ಗೋಡೆಯಲ್ಲಿ ವ್ಯಾನಿನ ಕೀಲಿಗಳು ನೇತಾಡುತ್ತಿದ್ದವು, ನಾನು ಓಡಿಸುತ್ತಿದ್ದ ವ್ಯಾನಿನದೂ ಇತ್ತು. ಆದರೆ ಭುಜದ ಆ ಪ್ಲಾಸ್ಟಿಕ್ ಮಾದರಿ ನೋಡಿದ ಮೇಲೆ, ಏನೂ ಕಲಿಯದೆ ಮಾಡಬಹುದಾದ ಕೆಲಸ ಇದಲ್ಲ ಎಂದು ನನಗೆ ತಿಳಿದುಹೋಗಿತ್ತು. “ರೋಗಿ ನಿರಾಕರಿಸಿದ್ದರು ಅಂತ ಬರೆದುಕೊಳ್ಳಿ. ನಾನು ಹೇಳಿದಂತೆಯೇ ಬರೆಯಿರಿ,” ಎಂದೆ. ಅವನು ಬರೆದ. ನನ್ನ ಹೆಸರಿನ ಮೇಲೆ ಕಪ್ಪುಚುಕ್ಕೆ ಬಿತ್ತು.

ಅಲ್ಲಿಂದ ಅಜ್ಜಿಯ ಮನೆಗೆ ಹೋದೆ. ಮಗಳೇ ಬಾಗಿಲು ತೆಗೆದರು. ಅಜ್ಜಿ ಅದೇ ಕುರ್ಚಿಯಲ್ಲಿ ಕೂತಿದ್ದರು.

“ಬಂದ್ಯಾ ತಮ್ಮಾ? ಕೂಡು.”

ಕೂರಲಾಗಲಿಲ್ಲ. “ಅಜ್ಜಿ, ಅವತ್ತು ನೀವು ಬೇಡ ಅಂದಿದ್ರಿ. ನಾನು ಎತ್ತಿದೆ. ಆಮೇಲೆ ನೀವು ಬೇಡ ಅನ್ನಲೇ ಇಲ್ಲ ಅಂತ ಆಫೀಸಿಗೆ ಸುಳ್ಳು ಹೇಳಿದೆ. ಅದನ್ನ ಹೇಳೋಕೆ ಬಂದೆ.”

ಮಗಳು ತಿರುಗಿದರು. “ಅವ್ವಾ, ಬ್ಯಾಡ ಅಂದಿದ್ಯಾ ನೀ? ನನಗ್ಯಾಕ ಹೇಳ್ಲಿಲ್ಲ?”

“ಏನಂತ ಹೇಳೋದು? ಇಷ್ಟ ದೂರ ದೇಶದಾಗ ಒಬ್ಬ ನಮ್ಮವ ಸಿಕ್ಕಿದ್ದ. ಅವನ ಹೊಟ್ಟಿ ಮ್ಯಾಲೆ ಹೊಡೀಲೇನು?” ಎಂದು ಅಜ್ಜಿ ನನ್ನ ಕಡೆ ನೋಡಿದರು. “ಖರೇ ಹೇಳ್ತೀನಿ, ಸಿಟ್ಟ ಬಂದಿತ್ತು ನನಗ. ಕೀಲು ಸರದದ್ದಕ್ಕಲ್ಲ. ಇಲ್ಲಿ ಎಲ್ಲಾರೂ ಇಂಗ್ಲಿಷಿನ್ಯಾಗ ಕೇಳ್ತಾರ, ನನಗ ಹೇಳ್ಲಿಕ್ಕೆ ಬರಂಗಿಲ್ಲ. ನೀ ಕನ್ನಡದವ ಅಂತ ನಿನಗ ಹೇಳಿದೆ. ನಾ ಹೇಳ್ಲಿಕತ್ತಾಗ ನೀ ನಗ್ತಿದ್ದಿ.”

 ಅಜ್ಜಿಯೇ ಮಾತು ಮುಂದುವರಿಸಿದರು. ಅವರ ಬಲಗೈ ಈಗ ಭುಜದ ಮಟ್ಟಕ್ಕಿಂತ ಮೇಲೆ ಹೋಗುತ್ತಿರಲಿಲ್ಲ.

“ದಿನಾ ಮುಂಜಾನೆ ಈಕಿ ಮುಂದ ಕೂಡಬೇಕು ತುರುಬ ಹಾಕಿಸ್ಕೊಳ್ಳಿಕ್ಕೆ. ನೋಡು, ಹೆಂಗ ಹಾಕ್ಯಾಳ. ಕಾಗಿ ಗೂಡು!”

“ಅವ್ವಾ!” ಎಂದು ಮಗಳು ರೇಗಿದರು. ಕಣ್ಣಲ್ಲಿ ನೀರಿತ್ತು, ನಗುತ್ತಲೂ ಇದ್ದರು.

ಕ್ಷಮಿಸಿದೆ ಎಂದು ಅಜ್ಜಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಏನು ಮಾಡುತ್ತೀ ಎಂದು ವಿಚಾರಿಸಿದರು. ಪರೀಕ್ಷೆಯ ಕಥೆ ಹೇಳಿದೆ. ಹೊರಡುವಾಗ, “ಪಾಸಾಗು ಮತ್ತ. ಇಲ್ಲಾಂದ್ರ ನನ್ನ ಭುಜಾ ದಂಡ,” ಎಂದರು.

ಸಿಡ್ನಿಯ ಉತ್ತರ ಬಂದ ಮೇಲೂ ಮ್ಯಾನೇಜರ್ ಬಹಳ ದಿನ ಕಾಯಿಸಿದರು. ಕೊನೆಗೆ ಪರೀಕ್ಷೆಗೆ ಕೂರಲು ಬಿಟ್ಟರು. ಪಾಸಾದರೂ ಮೊದಮೊದಲು ಹಿರಿಯ ಕೆಲಸಗಾರರ ಕಣ್ಣೆದುರಲ್ಲೇ ಕೆಲಸ ಮಾಡಬೇಕು ಎಂದರು. ಒಪ್ಪಿದೆ. ಈ ಸಲ ಬೋಧಕಿಯೇ ರೋಗಿಯಾಗಿ ಕೂತರು. ಬೇಡ ಅಂದ ಕೂಡಲೇ ನಾನು ಎರಡೂ ಕೈ ತೆಗೆದು ಒಂದು ಹೆಜ್ಜೆ ಹಿಂದೆ ಸರಿದೆ. ಅವರ ಕಣ್ಣ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂತು, ಏನು ಬೇಡ ಎಂದು ಕೇಳಿದೆ. ಅವರು ಬೇಕೆಂದೇ ಬಹಳ ಹೊತ್ತು ಉತ್ತರ ಕೊಡಲಿಲ್ಲ. ಮೊಣಕಾಲು ನೋಯುತ್ತಿದ್ದರೂ ಕಾದೆ. ಆಮೇಲೆ ಪಾಸು ಎಂದರು. ಹೊರಗೆ ಬೆಳಗಾವಿಯವನು ನನ್ನನ್ನು ಅಪ್ಪಿಕೊಂಡು, “ಲಾಕರ್ ತಗದ್ರಿ ಅಂಕಲ್!” ಎಂದು ಕೂಗಿದ. ಎದೆಗೆ ಹಾಕಿಕೊಳ್ಳುವ ಗುರುತಿನ ಬಿಲ್ಲೆ ಕೈಗೆ ಬಂದ ದಿನ ಹೆಂಡತಿ ಊಟಕ್ಕೆ ಎದುರು ಕೂತಳು.

ಆ ಕೆಲಸವನ್ನು ನಾನು ನಿವೃತ್ತಿಯವರೆಗೂ ಮಾಡಿದೆ. ಅದರಲ್ಲಿ ಒಂದು ದಿನದ ವಿಷಯ ಹೇಳಿ ಮುಗಿಸುತ್ತೇನೆ, ಏಕೆಂದರೆ ತಪ್ಪನ್ನು ಮಾತ್ರ ಹೇಳಿ ಇದನ್ನು ಬಿಟ್ಟರೆ ಅದೂ ಪೂರ್ತಿ ನಿಜವಾಗುವುದಿಲ್ಲ.

ಒಂದು ಆಸ್ಪತ್ರೆಯ ವಾರ್ಡಿನಿಂದ ಇಲ್ಲಿಯ ಮುದುಕರೊಬ್ಬರನ್ನು ಮನೆಗೆ ಬಿಡಬೇಕಿತ್ತು. ಡಿಸ್ಚಾರ್ಜ್ ಆಗಿತ್ತು, ನರ್ಸ್ ಅವಸರದಲ್ಲಿದ್ದರು, ಆ ಹಾಸಿಗೆಗೆ ಇನ್ನೊಬ್ಬ ರೋಗಿ ಕಾಯುತ್ತಿದ್ದ. ಮುದುಕರು ಕುರ್ಚಿಯಲ್ಲಿ ಕೂತಿದ್ದರು. ನಾಡಿ, ಒತ್ತಡ ಸರಿಯಾಗಿಯೇ ಇತ್ತು. ಸ್ಟ್ರೆಚರ್ ತೋರಿಸಿದಾಗ, “ನೋ ನೋ, ಐ ಆಮ್ ರೈಟ್,” ಎಂದು ನಕ್ಕರು.

“ಯಾವಾಗಲೂ ಹಾಗೇ ಅನ್ನುತ್ತಾರೆ, ಹತ್ತಿಸಿ,” ಎಂದರು ನರ್ಸ್.

ನಾನು ಕೈ ತೆಗೆದು ಅವರ ಮುಂದೆ ಕುಕ್ಕರಿಸಿದೆ. “ಏನು ಬೇಡ, ಸರ್? ಮನೆಗೆ ಹೋಗೋದಾ, ಈ ಸ್ಟ್ರೆಚರಾ?”

“ಮನೆಗೆ ಹೋಗಲೇಬೇಕು,” ಎಂದರು. ಆಮೇಲೆ ಮೆಲ್ಲಗೆ, “ಮಲಗೋದು ಬೇಡ. ಮಲಗಿದರೆ ಉಸಿರು ಸಿಗೋದಿಲ್ಲ. ರಾತ್ರಿಯೆಲ್ಲ ಕುರ್ಚಿಯಲ್ಲೇ ಕೂತಿದ್ದೆ. ಈ ಹುಡುಗಿಯರಿಗೆ ಕೆಲಸ ಜಾಸ್ತಿ, ತೊಂದರೆ ಕೊಡಬಾರದು ಅಂತ ಹೇಳಲಿಲ್ಲ,” ಎಂದರು.

ಅವರ ಪಾದ ನೋಡಿದೆ, ಊದಿಕೊಂಡು ಕಾಲುಚೀಲದ ಗುರುತು ಬಿದ್ದಿತ್ತು. ಉಸಿರು ಎಣಿಸಿದೆ, ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕ ನೋಡಿದೆ. ಎರಡೂ ನನಗೆ ಹಿಡಿಸಲಿಲ್ಲ. ಇವರನ್ನು ನಮ್ಮ ವ್ಯಾನಿನಲ್ಲಿ ಒಯ್ಯಲಾಗದು, ಡಾಕ್ಟರು ಮತ್ತೊಮ್ಮೆ ನೋಡಬೇಕು ಎಂದೆ. ನರ್ಸ್ ಮುಖ ಕೆಂಪಾಯಿತು. ನಮ್ಮ ಆಫೀಸಿನಿಂದ ರೇಡಿಯೋದಲ್ಲಿ, ಮುಂದಿನ ರೋಗಿ ಕಾಯುತ್ತಿದ್ದಾರೆ, ಏನು ತಡ ಎಂದು ಗದರಿದರು. ಕಾರಣ ಹೇಳಿದೆ, ಒಂದೊಂದೇ ಮಾತು ಬಿಡಿಸಿ, ಬಾಯಿಬಿಟ್ಟು. ಕೊನೆಗೆ ಅತ್ತ ಕಡೆಯವರು, “ಸರಿ, ಒಯ್ಯಬೇಡ,” ಎಂದರು.

ಡಾಕ್ಟರ್ ಬಂದು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ಆಮೇಲೆ ಬೆನ್ನಿಗೂ ಇಟ್ಟರು. ಶ್ವಾಸಕೋಶದಲ್ಲಿ ನೀರು ತುಂಬುತ್ತಿತ್ತು. ಮುದುಕರನ್ನು ಹೃದ್ರೋಗದ ವಾರ್ಡಿಗೆ ಕರೆದೊಯ್ಯಲು ಹೇಳಿದರು. ನರ್ಸ್ ನನ್ನನ್ನು ನೋಡಿ ಒಪ್ಪಿಗೆಯಿಂದ ತಲೆಯಾಡಿಸಿದರು. 

ನಾನೂ ನನ್ನ ಜೊತೆಗಾರನೂ ಸ್ಟ್ರೆಚರ್ ಮೇಲಿನ ಹೊದಿಕೆ ಮಡಚಿ ಲಿಫ್ಟಿನ ಕಡೆ ನಡೆದೆವು. ಕಾರಿಡಾರಿನಲ್ಲಿದ್ದವರು ದಾರಿ ಬಿಟ್ಟರು. ಅದರ ಮೇಲೆ ಯಾರೂ ಇರಲಿಲ್ಲ. ನನ್ನ ಕೆಲಸದ ಅಷ್ಟೂ ವರ್ಷಗಳಲ್ಲಿ ಯಾವ ಸ್ಟ್ರೆಚರನ್ನೂ ನಾನು ಅಷ್ಟು ಹೆಮ್ಮೆಯಿಂದ ತಳ್ಳಿಲ್ಲ.